ವಿರೋಧಿಗಳಿಗೆ ಮೊದಲ ಮಣೆ

ಮಧ್ಯಾಹ್ನ ಒಂದೂ ಹತ್ತಕ್ಕೆ ಮೂರನೇ ಲೈನು ಮಿನುಗಿತು. ಅಷ್ಟರಲ್ಲಾಗಲೇ ಮಾರ್ನಿ ಪೆಲ್ಟೊ ಒಂದು ಗಂಟೆಗೂ ಮೀರಿ ದಿಗ್ಬಂಧನ, ಆಮದು ಸುಂಕ, ಕೇಂದ್ರ ಬ್ಯಾಂಕಿನ ಬಡ್ಡಿ ದರ ಎಲ್ಲವನ್ನೂ ಹೆಡ್‌ಫೋನಿನಲ್ಲಿ ತುಂಬಿಕೊಂಡು ಕೂತಿದ್ದಳು. ಗಾಜಿನ ಆಚೆ ವರ್ಲಿನ್ ಟೋಫ್ಟ್ ಮೈಕಿನ ಮುಂದೆ ಎರಡೂ ಕೈ ಬೀಸುತ್ತ ಮಾತಾಡುತ್ತಿದ್ದ. ರೇಡಿಯೊದಲ್ಲಿ ಕೈ ಕಾಣುವುದಿಲ್ಲ ಎಂಬುದು ಹತ್ತೊಂಬತ್ತು ವರ್ಷವಾದರೂ ಅವನಿಗೆ ಹೊಳೆದಂತಿರಲಿಲ್ಲ.

ಮಾರ್ನಿಯ ಕೆಲಸ ಕರೆ ಎತ್ತುವುದು. ಹೆಸರು, ಊರು, ವಿಷಯ ಕೇಳಿ ಟೈಪು ಮಾಡಿದರೆ ಅದು ವರ್ಲಿನ್‌ನ ಪರದೆಯ ಮೇಲೆ ಮೂಡುತ್ತದೆ. ಕೊನೆಗೊಂದು ಪ್ರಶ್ನೆ ಇರುತ್ತದೆ: ವರ್ಲಿನ್ ಹೇಳಿದ್ದನ್ನು ಒಪ್ಪುತ್ತೀರೋ ಇಲ್ಲವೋ? ಒಪ್ಪದವರ ಹೆಸರು ಕೆಂಪಗಾಗುತ್ತದೆ. ಕೆಂಪು ಹೆಸರಿನವರಿಗೆ ಮೊದಲ ಸರದಿ. ಇದು ವರ್ಲಿನ್ ಮಾಡಿದ ನಿಯಮ. "ನಮ್ಮಲ್ಲಿ ವಿರೋಧಿಗಳಿಗೇ ಮೊದಲ ಮಣೆ. ಆ ಬಲಪಂಥದವರ ರೇಡಿಯೊದಲ್ಲಿ ಹೀಗೆ ಮಾಡ್ತಾರಾ ಕೇಳಿ ನೋಡಿ!" ಎಂದು ಗಂಟೆಗೊಮ್ಮೆ ಹೇಳದಿದ್ದರೆ ಅವನಿಗೆ ಸಮಾಧಾನವಿಲ್ಲ.

ತೊಂದರೆ ಏನೆಂದರೆ, ಹಾರ್ಲೊ ಬೇ ಊರಿನ ನಿಜವಾದ ವಿರೋಧಿಗಳು ಈ ಕಾರ್ಯಕ್ರಮವನ್ನು ಕೇಳುತ್ತಲೇ ಇರಲಿಲ್ಲ. ಕೇಳುವವರೆಲ್ಲ ಅವನ ಕಡೆಯವರೇ. ಬೇಗ ಸರದಿ ಸಿಗುವ ದಾರಿ ಯಾವುದೆಂದು ಅವರು ಎಂದೋ ಕಲಿತಿದ್ದರು.

"ನನ್ನ ಕೆಂಪಗೆ ಹಾಕಮ್ಮ" ಎಂದಿದ್ದ ಆಗಷ್ಟೇ ಎರಡನೇ ಲೈನಿನಲ್ಲಿ ಓರಿನ್ ಡ್ರೆಗರ್. ಅದಿರು ಹಡಗಿನಲ್ಲಿ ಎಲೆಕ್ಟ್ರೀಷಿಯನ್ ಆಗಿ ನಿವೃತ್ತನಾದವನು, ವಾರಕ್ಕೆ ಮೂರು ಕರೆ ಖಾಯಂ.

"ಏನನ್ನ ಒಪ್ಪಲ್ಲ ನೀವು, ಓರಿನ್?"

"ಈ ಸುಂಕದ ನೀತಿ ಮುಕ್ಕಾಲು ಪಾಲು ತಪ್ಪು ಅಂದ ನೋಡು ವರ್ಲಿನ್, ಅದನ್ನ. ಪೂರ್ತಿ ತಪ್ಪು ಅಂತೀನಿ ನಾನು."

ಮಾರ್ನಿ ನಿಟ್ಟುಸಿರು ಬಿಟ್ಟು ಕೆಂಪಗೆ ಹಾಕಿದ್ದಳು. ಅದು ಸುಳ್ಳೆಂದು ಹೇಳುವ ಹಾಗಿಲ್ಲ.

ಈಗ ಮೂರನೇ ಲೈನಿನಲ್ಲಿ ಒಂದು ಹೆಂಗಸಿನ ದನಿ. ಹಿಂದೆ ಇಂಜಿನಿನ ಗುರುಗುಟ್ಟುವಿಕೆ.

"ಆರ್ಡಿಸ್ ಕ್ಲಾಸನ್. ಆರನೇ ನಂಬರ್ ಬಸ್ಸು ಓಡಿಸೋಳು. ಗುಡ್ಡದ ಕೊನೇ ಸ್ಟಾಪಲ್ಲಿ ನಿಂತಿದೀನಿ, ಹನ್ನೊಂದು ನಿಮಿಷ ಟೈಮಿದೆ ನಂಗೆ. ಬೇಗ ಕೊಡು ಚಿನ್ನಾ ಅವರಿಗೆ."

ಮಾರ್ನಿ ನೆಟ್ಟಗೆ ಕೂತಳು. ಆ ದನಿ ಅವಳಿಗೆ ಗೊತ್ತು. ಬೆಳಿಗ್ಗೆ ಹತ್ತೂವರೆಗೆ "ಹುಷಾರು, ಮೆಟ್ಟಿಲು ಜಾರುತ್ತೆ" ಎನ್ನುವ ದನಿ ಅದೇ. ಮಾರ್ನಿ ಒಂದು ದಿನವೂ ಅದಕ್ಕೆ ತಲೆಯಾಡಿಸಿದ್ದಕ್ಕಿಂತ ಹೆಚ್ಚಿನ ಉತ್ತರ ಕೊಟ್ಟವಳಲ್ಲ.

"ವಿಷಯ?"

"ಆರನೇ ನಂಬರ್ ನಿಲ್ಲಿಸ್ತಾರಂತಲ್ಲ, ಅದರ ಸಭೆ. ಗುರುವಾರ ಸಂಜೆ ಆರಕ್ಕೆ ಅಂದಿದ್ರು. ಇವತ್ತಿಗೆ ಮಾಡ್ಕೊಂಡಿದಾರೆ! ಇವತ್ತು ಮೂರೂವರೆಗೆ, ಪುರಭವನದ ಎರಡನೇ ಮಹಡೀಲಿ. ಬಾಗಿಲ ಒಳಗಡೆ ಒಂದು ಚೀಟಿ ಅಂಟ್ಸಿದಾರೆ, ಅಷ್ಟೆ. ಮೂರೂವರೆ ಒಳಗೆ ಹತ್ತು ಜನ ಹೆಸರು ಬರೆಸಿ ಎದ್ದು ಮಾತಾಡಿದ್ರೆ ವಿಷಯ ದೊಡ್ಡ ಕೌನ್ಸಿಲಿಗೆ ಹೋಗ್ಬೇಕು, ಇವತ್ತೇ ಮುಗಿಸೋ ಹಾಗಿಲ್ಲ. ಹತ್ತಕ್ಕೆ ಒಬ್ಬ ಕಮ್ಮಿಯಾದ್ರೂ ಹಣಕಾಸು ಸಮಿತಿಯ ಐದು ಜನ ಅಲ್ಲೇ ಕೈ ಎತ್ತಿ ಮುಗಿಸ್ತಾರೆ. ಒಂದನೇ ತಾರೀಖಿಂದ ಬಸ್ಸಿಲ್ಲ."

ಮಾರ್ನಿಯ ಬೆರಳು ಕೀಬೋರ್ಡಿನ ಮೇಲೆ ನಿಂತುಬಿಟ್ಟಿತು. ಅವಳ ಮನೆ ಗುಡ್ಡದ ಮೇಲೆ, ರೇಡಿಯೊ ನಿಲಯದಿಂದ ಆರು ಕಿಲೋಮೀಟರ್. ಕಾರಿಲ್ಲ. ಮಾರ್ಚಿನಲ್ಲೂ ರಸ್ತೆಯ ಪಕ್ಕ ಸೊಂಟದೆತ್ತರ ಹಿಮ. ಆರನೇ ನಂಬರ್ ನಿಂತರೆ ಈ ಕೆಲಸವೂ ನಿಂತ ಹಾಗೆ. ಹತ್ತನೇ ತರಗತಿಯಲ್ಲಿ ಶಾಲೆ ಬಿಟ್ಟವಳಿಗೆ, ಬಾಯಿ ಬಿಡುವುದಕ್ಕಿಂತ ಕಿವಿ ಕೊಡುವುದೇ ಮುಖ್ಯವಾದ ಇಂಥ ಇನ್ನೊಂದು ಕೆಲಸ ಆ ಊರಿನಲ್ಲಿ ಎಲ್ಲಿ ಸಿಕ್ಕೀತು?

"ವರ್ಲಿನ್ ಹೇಳಿದ್ದನ್ನ ಒಪ್ತೀರಾ?" ಅಭ್ಯಾಸಬಲದಿಂದ ಕೇಳಿದಳು.

"ಅಯ್ಯೋ, ಪೂರ್ತಿ ಒಪ್ತೀನಮ್ಮ. ಹನ್ನೆರಡು ವರ್ಷದಿಂದ ಕೇಳ್ತಿದೀನಿ."

ಆರ್ಡಿಸ್‌ಳ ಹೆಸರು ಕಪ್ಪಗೇ ಉಳಿಯಿತು. ಅವಳ ಮುಂದೆ ಓರಿನ್ ಕೆಂಪು, ಅವನ ಹಿಂದೆ ಇನ್ನೊಬ್ಬ ಕೆಂಪು. ಓರಿನ್ ಐದು ನಿಮಿಷ ಪೂರ್ತಿ ತಪ್ಪಿನ ಬಗ್ಗೆ ಮಾತಾಡಿದ. ಇನ್ನೊಬ್ಬ, ವರ್ಲಿನ್ ತೀರಾ ಸೌಮ್ಯವಾಗಿ ಮಾತಾಡುತ್ತಾನೆ ಎಂಬುದಷ್ಟೇ ವಿರೋಧವಾಗಿದ್ದವನು, ಏಳು ನಿಮಿಷ ತೆಗೆದುಕೊಂಡ. ಮಾರ್ನಿ ಆರ್ಡಿಸ್‌ಳ ಸಾಲಿನ ಮುಂದೆ 'ಇವತ್ತೇ ಸಭೆ, ತುರ್ತು' ಎಂದು ಬರೆದಳು. ವರ್ಲಿನ್ ಪರದೆಯತ್ತ ಕಣ್ಣು ಹಾಯಿಸಿ, ತಲೆಯಾಡಿಸಿ, ಮತ್ತೆ ದಿಗ್ಬಂಧನಕ್ಕೆ ಹೋದ.

"ಹೊರಡ್ಬೇಕು ಚಿನ್ನಾ" ಎಂದಳು ಆರ್ಡಿಸ್. "ನೀನೇ ಹೇಳ್ಬಿಡು ಅವರಿಗೆ. ಎರಡೂವರೆಗೆ ಮತ್ತೆ ಗುಡ್ಡದ ಮೇಲಿರ್ತೀನಿ."

ಒಂದೂವರೆಗೆ ಜಾಹೀರಾತು ಬಂತು. ಚಿನ್ನದ ನಾಣ್ಯ ಕೊಳ್ಳಿ ಎನ್ನುವ ಜಾಹೀರಾತು. ಅದಕ್ಕೂ ಮೊದಲಿನ ಹತ್ತು ನಿಮಿಷ ವರ್ಲಿನ್ ಚಿನ್ನ ಕೊಳ್ಳುವವರನ್ನು ಮೂರ್ಖರೆಂದು ಬೈದಿದ್ದ. ಮಾರ್ನಿ ವರ್ಲಿನ್‌ನ ಕಿವಿಗೆ ಮಾತ್ರ ಕೇಳುವ ಒಳಮಾತಿನ ಗುಂಡಿ ಒತ್ತಿದಳು.

"ವರ್ಲಿನ್, ಬಸ್ಸಿನ ಸಭೆ..."

"ಗೊತ್ತು ಗೊತ್ತು, ಗುರುವಾರ. ಅದಕ್ಕೇ ಅಲ್ವಾ ನಾಳೆ ಒಂದು ಗಂಟೆ ಪೂರ್ತಿ ಬಸ್ಸಿಗೇ ಇಟ್ಟಿರೋದು? ಡೆನ್ಮಾರ್ಕಿಂದ ಒಬ್ಬ ಸಾರಿಗೆ ತಜ್ಞ ಬರ್ತಿದಾನೆ ಫೋನಲ್ಲಿ. ಡೆನ್ಮಾರ್ಕ್, ಮಾರ್ನಿ!"

"ಸಭೆ ಗುರುವಾರ ಅಲ್ಲ. ಇವತ್ತು, ಮೂರೂವರೆಗೆ."

"ಯಾರಂದಿದ್ದು?"

"ಬಸ್ ಡ್ರೈವರು."

ವರ್ಲಿನ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. ಕೆಟ್ಟವನಲ್ಲ ಅವನು. ಕಳೆದ ಚಳಿಗಾಲ ಮಾರ್ನಿಗೆ ಜ್ವರ ಬಂದಾಗ ದೊಡ್ಡ ಪಾತ್ರೆಯಲ್ಲಿ ಸೂಪು ತಂದುಕೊಟ್ಟಿದ್ದ. ಅಂಥವನ ಮೇಲೆ ರೇಗಲು ಆಗದೆ ಇರುವುದೇ ಅವಳ ಕಷ್ಟ.

"ನೋಡಮ್ಮ, ಒಬ್ಬರು ಹೇಳಿದ್ರು ಅಂತ ಗಾಳಿಗೆ ಬಿಡೋದು ಆ ಕಡೆಯವರ ಚಾಳಿ. ನಮ್ಮದು ಎರಡು ಕಡೆಯಿಂದ ಖಾತ್ರಿಯಾಗ್ಬೇಕು. ಪುರಭವನಕ್ಕೆ ಫೋನ್ ಮಾಡು."

ಮಾಡಿದಳು. ಊಟದ ಹೊತ್ತು, ಯಾರೂ ಎತ್ತಲಿಲ್ಲ. ನಡುವೆ ಕರೆಗಳನ್ನು ಎತ್ತುತ್ತ, ಹೆಸರು ಊರು ಬರೆಯುತ್ತ, ಮತ್ತೆ ಮಾಡಿದಳು. ಎರಡು ಗಂಟೆಗೆ ಗುಮಾಸ್ತೆ ಸಿಕ್ಕಳು.

"ಸಭೆಯ ಸೂಚನೆ ಬಾಗಿಲ ಮೇಲಿದೆ."

"ಅದರಲ್ಲಿ ಏನಂತ ಬರ್ದಿದೆ?"

"ಬಂದು ಓದ್ಕೊಬೋದಲ್ಲ, ಸಾರ್ವಜನಿಕರಿಗೇ ಅಂತ ಹಾಕಿರೋದು."

"ನಾನು ಬರೋಕಾಗಲ್ಲ, ಕೆಲಸದಲ್ಲಿದೀನಿ. ದಯವಿಟ್ಟು ಓದಿ ಹೇಳಿ." ಅಪರಿಚಿತರ ಜೊತೆ ಇಷ್ಟು ಉದ್ದ ಮಾತಾಡಿ ಮಾರ್ನಿಯ ಕಿವಿ ಬಿಸಿಯಾಗಿತ್ತು.

ಗುಮಾಸ್ತೆ ಎದ್ದು ಹೋಗಿ, ಬಂದು, ಓದಿದಳು. ಆರ್ಡಿಸ್ ಹೇಳಿದ್ದು ಅಕ್ಷರಶಃ ಸರಿ. ಜೊತೆಗೆ ಇನ್ನೊಂದು: ಹೆಸರು ಬರೆಸಿದವರು ಕರೆದಾಗ ಎದ್ದು ಮಾತಾಡದಿದ್ದರೆ ಆ ಹೆಸರು ಲೆಕ್ಕಕ್ಕಿಲ್ಲ.

ಎರಡೂ ಹತ್ತರ ಬಿಡುವಿನಲ್ಲಿ ಮಾರ್ನಿ ಹೇಳಿದಳು, "ಖಾತ್ರಿಯಾಯ್ತು. ಇವತ್ತೇ. ಮೂರೂವರೆ. ಹತ್ತು ಜನ ಬೇಕು."

"ಭೇಷ್!" ವರ್ಲಿನ್ ಮೇಜು ಗುದ್ದಿದ. "ಕಳ್ಳರು! ಬಿಡಲ್ಲ ಇವರನ್ನ. ಈಗಲೇ ಎತ್ಕೋತೀನಿ."

ಮಾರ್ನಿಗೆ ಉಸಿರು ಬಂದಂತಾಯಿತು. ಪ್ರಸಾರದ ಕೆಂಪು ದೀಪ ಹತ್ತಿತು. ವರ್ಲಿನ್ ಮೈಕಿನ ಹತ್ತಿರ ಬಾಗಿ, ದನಿ ತಗ್ಗಿಸಿ ಶುರು ಮಾಡಿದ.

"ಸ್ನೇಹಿತರೇ, ಈಗ ನಮ್ಮೂರಿನ ಒಂದು ಬಸ್ಸಿನ ವಿಷಯ ಮಾತಾಡ್ಬೇಕು. ಆದರೆ ಒಂದು ಬಸ್ಸು ಯಾಕೆ ನಿಲ್ಲುತ್ತೆ ಅಂತ ತಿಳೀಬೇಕಾದ್ರೆ ನಾವು ಸ್ವಲ್ಪ ಹಿಂದಕ್ಕೆ ಹೋಗ್ಬೇಕು..."

ಅವನು ಐವತ್ತು ವರ್ಷ ಹಿಂದಕ್ಕೆ ಹೋದ. ತೈಲದ ಬೆಲೆ ಏರಿದ್ದು, ಕಾರ್ಖಾನೆಗಳು ಗಡಿ ದಾಟಿದ್ದು, ತೆರಿಗೆ ಇಳಿದದ್ದು, ಊರುಗಳು ಸಾಲಪತ್ರ ಮಾರಿದ್ದು. ಎಲ್ಲ ನಿಜವೇ, ಎಲ್ಲ ಚೆನ್ನಾಗಿಯೂ ಇತ್ತು. ಮಾರ್ನಿ ಗಾಜಿನ ಈಚೆ ನಿಂತು ಮಣಿಕಟ್ಟು ತೋರಿಸಿದಳು. ಅವನು ಹೆಬ್ಬೆರಳೆತ್ತಿದ. 'ಮೂರೂವರೆ' ಎಂದು ಹಾಳೆಯಲ್ಲಿ ಬರೆದು ಗಾಜಿಗೆ ಒತ್ತಿ ಹಿಡಿದಳು. ಅವನು ಮತ್ತೆ ಹೆಬ್ಬೆರಳೆತ್ತಿದ. ತೊಂಬತ್ತರ ದಶಕದ ವ್ಯಾಪಾರ ಒಪ್ಪಂದದ ತನಕ ಬಂದಿದ್ದಾಗ ಗಡಿಯಾರ ಎರಡೂ ಇಪ್ಪತ್ತೈದು ಮುಟ್ಟಿ, ಸುದ್ದಿ ತಾನೇ ತಾನಾಗಿ ಶುರುವಾಯಿತು.

"ಬಸ್ಸಿನ ವಿಷಯಕ್ಕೆ ಬರಲೇ ಇಲ್ಲ ನೀವು!"

"ಬರ್ತಿದ್ದೆ ಮಾರಾಯ್ತಿ! ಹಿನ್ನೆಲೆ ಇಲ್ದೆ ಹೇಳಿದ್ರೆ ಅದು ನಾಯಿ ಕಳೆದಿದೆ ಅನ್ನೋ ಪ್ರಕಟಣೆ ಥರ ಆಗುತ್ತೆ. ಜನಕ್ಕೆ ಅರ್ಥ ಆಗ್ಬೇಕು."

"ಜನಕ್ಕೆ ಟೈಮು ಗೊತ್ತಾದ್ರೆ ಸಾಕು."

"ಆಮೇಲೆ ಹೇಳ್ತೀನಿ. ಇನ್ನರ್ಧ ಗಂಟೆ ಇದೆಯಲ್ಲ." ಹೀಗೆಂದು ಅವನು ಶೌಚಾಲಯಕ್ಕೆ ಓಡಿದ.

ಎರಡೂವರೆಗೆ ಸರಿಯಾಗಿ ಆರ್ಡಿಸ್‌ಳ ಕರೆ ಬಂತು. ಮಾರ್ನಿ ಈ ಸಲ ಪ್ರಶ್ನೆ ಕೇಳಲಿಲ್ಲ. 'ಆರ್ಡಿಸ್. ಬಸ್ ಚಾಲಕಿ. ಒಪ್ಪುವುದಿಲ್ಲ' ಎಂದು ಬರೆದು ಕೆಂಪಗೆ ಮಾಡಿದಳು. ಎರಡು ವರ್ಷದಲ್ಲಿ ಆ ಪರದೆಯ ಮೇಲೆ ಅವಳು ಬರೆದ ಮೊದಲ ಸುಳ್ಳು.

"ಆರ್ಡಿಸ್, ಕೇಳಿ. ಲೈನ್ ಬಂದ ತಕ್ಷಣ ಮೂರೂವರೆ ಅನ್ನಿ. ಬೇರೆ ಏನೂ ಬೇಡ. ಮೊದಲು ಅದು."

"ಆಯ್ತು ಚಿನ್ನಾ, ಆಯ್ತು."

ವರ್ಲಿನ್‌ನ ಕಣ್ಣು ಅರಳಿತು. "ಆಹಾ! ಒಬ್ಬ ವಿರೋಧಿ! ಅದೂ ಕೆಲಸಗಾರ ಹೆಣ್ಣುಮಗಳು. ಬನ್ನಿ ಆರ್ಡಿಸ್, ನಿಮಗೇ ಮೊದಲ ಮಣೆ. ಎಲ್ಲಿ ತಪ್ಪಿದೆ ನಾನು?"

"ಅಯ್ಯೋ... ನಮಸ್ಕಾರ ವರ್ಲಿನ್. ನಾನು ಮೊದಲ್ನೇ ಸಲ ಫೋನ್ ಮಾಡ್ತಿರೋದು. ಹನ್ನೆರಡು ವರ್ಷದಿಂದ ಕೇಳ್ತಿದೀನಿ. ನೀವು ತಪ್ಪು ಅಂತ ನಾನ್ಯಾಕೆ ಅನ್ಲಿ? ಯಾರಂದಿದ್ದು? ನಮ್ಮನೆಯವರು ತೀರ್ಕೊಂಡ ವರ್ಷ ನಿಮ್ಮ ದನಿಯೇ ನನಗೆ ಜೊತೆ."

ವರ್ಲಿನ್ ಗಾಜಿನತ್ತ ತಿರುಗಿ ಹುಬ್ಬು ಗಂಟಿಕ್ಕಿದ. ಮಾರ್ನಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ತುಂಬಾ ಸಂತೋಷ, ತುಂಬಾ ಸಂತೋಷ" ಎಂದ ವರ್ಲಿನ್, ಕರಗಿ. "ಹಾಗಾದ್ರೆ ಹೇಳಿ, ಬೆಳಗಿನ ಬಡ್ಡಿ ದರದ ಸುದ್ದಿ ಬಗ್ಗೆ ನಿಮಗೇನನ್ಸುತ್ತೆ?"

ಆ ಸೀಮೆಯ ಹೆಂಗಸರಿಗೆ ಒಂದು ಗುಣ. ಎದುರಿನವರು ಏನಾದರೂ ಕೇಳಿದರೆ ಅದಕ್ಕೆ ಉತ್ತರ ಕೊಡದೆ ತಮ್ಮ ಮಾತು ಎತ್ತುವುದು ಒರಟುತನವೆಂದು ಅವರ ನಂಬಿಕೆ. ಆರ್ಡಿಸ್ ಉತ್ತರ ಕೊಟ್ಟಳು. ಹನ್ನೆರಡು ವರ್ಷ ಸ್ಟಿಯರಿಂಗ್ ಹಿಡಿದು ಕೇಳಿದ್ದು ಸುಮ್ಮನೆ ಹೋಗಿರಲಿಲ್ಲ. ಬಡ್ಡಿ ಏರಿದರೆ ಮನೆ ಕಟ್ಟುವವರು ನಿಲ್ಲಿಸುತ್ತಾರೆ, ಕಟ್ಟುವವರು ನಿಲ್ಲಿಸಿದರೆ ಮರದ ಗಿರಣಿ ನಿಲ್ಲುತ್ತದೆ, ಗಿರಣಿಯವರು ಬಸ್ಸು ಹತ್ತುವುದಿಲ್ಲ ಎಂದು ಪ್ರೊಫೆಸರುಗಳಿಗಿಂತ ಚೆನ್ನಾಗಿ ಹೇಳಿದಳು. ಬಸ್ಸು ಎಂಬ ಶಬ್ದ ಬಂದಾಗ ಮಾರ್ನಿ ಕುರ್ಚಿಯಿಂದ ಎದ್ದೇಬಿಟ್ಟಳು. ಅಷ್ಟರಲ್ಲಿ ವರ್ಲಿನ್, "ವಾಹ್! ಕೇಂದ್ರ ಬ್ಯಾಂಕಿನಲ್ಲಿ ನೀವಿರ್ಬೇಕಿತ್ತು!" ಎಂದ. ಆರ್ಡಿಸ್ ನಕ್ಕಳು. ಜರ್ಮನಿಯಲ್ಲಿ ಹೇಗೆ ಎಂದು ಕೇಳಿದ. ಅದಕ್ಕೂ ಅವಳಲ್ಲಿ ಉತ್ತರವಿತ್ತು.

"ಅಯ್ಯಯ್ಯೋ, ಟೈಮಾಗೋಯ್ತು! ಹೊರಟೆ ವರ್ಲಿನ್, ಜನ ಕಾಯ್ತಿದಾರೆ. ನಿಮ್ಮ ಆಯಸ್ಸು ಗಟ್ಟಿಯಾಗಿರ್ಲಿ!"

ಲೈನು ಸತ್ತಿತು. ಗಡಿಯಾರದಲ್ಲಿ ಎರಡೂ ನಲವತ್ತೊಂದು.

ಮಾರ್ನಿ ಹೆಡ್‌ಫೋನು ಕಿತ್ತು ಮೇಜಿಗೆ ಒಗೆದಳು. ಜಗತ್ತಿನ ಎಲ್ಲ ದೇಶಗಳ ಬಗ್ಗೆ ಎಲ್ಲರೂ ಎಲ್ಲವನ್ನೂ ಹೇಳಿಯಾಗಿತ್ತು. ಒಂದು ಕಟ್ಟಡದ ಹೆಸರು ಮತ್ತು ಒಂದು ಹೊತ್ತು, ಇಷ್ಟನ್ನು ಹೇಳಲು ಮೂರು ಗಂಟೆಯ ಕಾರ್ಯಕ್ರಮದಲ್ಲಿ ಜಾಗವಿರಲಿಲ್ಲ. ಅಳು ಬರುವಷ್ಟು ಸಿಟ್ಟು ಬಂತು. ಮತ್ತೆ ಒಳಮಾತಿನ ಗುಂಡಿ ಒತ್ತಿದರೆ ಅವನು ಹೆಬ್ಬೆರಳೆತ್ತುತ್ತಾನೆ. ಒಳಗೆ ನುಗ್ಗಿದರೆ ತುಟಿಗೆ ಬೆರಳಿಟ್ಟು 'ಶ್' ಎನ್ನುತ್ತಾನೆ. ಅವನು ಕೇಳಿಸಿಕೊಳ್ಳುವುದು ಒಂದೇ ಬಗೆಯ ಮನುಷ್ಯರ ಮಾತನ್ನು.

ಅವಳು ತನ್ನ ಮೊಬೈಲು ತೆಗೆದು ನಿಲಯದ ನಂಬರು ಒತ್ತಿದಳು. ಎದುರಿಗೆ ನಾಲ್ಕನೇ ಲೈನು ಮಿನುಗಿತು. ತಾನೇ ಎತ್ತಿದಳು. ತಾನೇ ಬರೆದಳು: 'ಮಾರ್ನಿ. ಹಾರ್ಲೊ ಬೇ. ಒಪ್ಪುವುದಿಲ್ಲ.' ಇದು ಸುಳ್ಳಾಗಿರಲಿಲ್ಲ.

ಹೆಸರು ಕೆಂಪಗಾಯಿತು. ಹತ್ತನೇ ತರಗತಿಯಲ್ಲಿ ಹಲಗೆಯ ಮುಂದೆ ನಿಲ್ಲಿಸಿ ಓದಿಸುತ್ತಿದ್ದ ಬೆಳಗುಗಳು ಮಾರ್ನಿಗೆ ನೆನಪಾದವು.

"ಮತ್ತೊಬ್ಬ ವಿರೋಧಿ! ಈ ಸಲ ನಿಜವಾದವರು ಅಂದ್ಕೋತೀನಿ" ಎಂದ ವರ್ಲಿನ್, ಪರದೆಯಿಂದ ಕಣ್ಣೆತ್ತದೆ. "ಮಾರ್ನಿ, ನಮ್ಮೂರಿನವರೇ. ನಮ್ಮ ಹುಡುಗಿಯ ಹೆಸರೂ ಅದೇ, ನೋಡಿ. ಹೇಳಿ, ಏನನ್ನ ಒಪ್ಪಲ್ಲ ನೀವು?"

"ನಾಳೆ ಅನ್ನೋದನ್ನ ಒಪ್ಪಲ್ಲ" ಎಂದಳು ಮಾರ್ನಿ.

ವರ್ಲಿನ್ ತಲೆ ಎತ್ತಿ ಗಾಜಿನಾಚೆ ನೋಡಿದ.

"ಆರನೇ ನಂಬರ್ ಬಸ್ಸಿನ ಸಭೆ ಇವತ್ತು ಮೂರೂವರೆಗೆ. ಗುರುವಾರ ಅಲ್ಲ. ಪುರಭವನ, ಎರಡನೇ ಮಹಡಿ. ಮೂರೂವರೆ ಒಳಗೆ ಹೆಸರು ಬರೆಸ್ಬೇಕು, ಕರೆದಾಗ ಎದ್ದು ಮಾತಾಡ್ಬೇಕು. ಹತ್ತು ಜನ ಬೇಕು. ಬರದಿದ್ರೆ ಒಂದನೇ ತಾರೀಖಿಂದ ಬಸ್ಸಿಲ್ಲ."

"ಮಾರ್ನಿ, ತುಂಬಾ ಮುಖ್ಯವಾದ ಮಾತು ಹೇಳಿದೆ. ಇದರ ಹಿಂದಿರೋ ದೊಡ್ಡ ಚಿತ್ರ ಏನು ಅಂದ್ರೆ..."

"ದೊಡ್ಡ ಚಿತ್ರ ಬೇಡ ವರ್ಲಿನ್! ಮೂರೂವರೆ. ಪುರಭವನ. ಈಗ ಎರಡೂ ನಲವತ್ನಾಲ್ಕು. ಕೇಳ್ತಿರೋರು ದಯವಿಟ್ಟು ರೇಡಿಯೊ ಆರಿಸಿ ಹೊರಡಿ."

ಫೋನು ಇಟ್ಟಳು. ರೇಡಿಯೊ ಆರಿಸಿ ಎಂದು ರೇಡಿಯೊದಲ್ಲೇ ಹೇಳಿದ್ದನ್ನು ವರ್ಲಿನ್ ಜನ್ಮದಲ್ಲಿ ಕೇಳಿರಲಿಲ್ಲ. ಆಮೇಲೆ ಅವನು ಪಾಪದವನಂತೆ, "ಕೇಳಿದ್ರಲ್ಲ. ಮೂರೂವರೆಗೆ" ಎಂದು ಚಿನ್ನದ ನಾಣ್ಯದ ಜಾಹೀರಾತು ಹಾಕಿದ.

ಏಳೂ ಲೈನು ಒಟ್ಟಿಗೆ ಮಿನುಗಿದವು. ಒಬ್ಬರಿಗೆ ಅಲ್ಲಿ ಕಾರು ನಿಲ್ಲಿಸಲು ಜಾಗವಿದೆಯೇ ಎಂದು ತಿಳಿಯಬೇಕಿತ್ತು. ಒಬ್ಬರಿಗೆ ಟ್ರಾಮೇ ಮೇಲು ಎಂದು ಹೇಳಬೇಕಿತ್ತು. ಓರಿನ್, "ಹತ್ತು ಜನ ಅನ್ನೋ ನಿಯಮವನ್ನೇ ನಾನು ಒಪ್ಪಲ್ಲ, ಐದಿರ್ಬೇಕು, ಕೆಂಪಗೆ ಹಾಕು" ಎಂದ.

"ಅಲ್ಲಿಗೆ ಬಂದು ಹೇಳಿ ಓರಿನ್" ಎಂದಳು ಮಾರ್ನಿ. ಏಳು ಜನರಿಗೂ ಅದನ್ನೇ ಹೇಳಿ, ಮೂರಕ್ಕೆ ಕಾರ್ಯಕ್ರಮ ಮುಗಿದೊಡನೆ ಕೋಟು ಹಾಕಿಕೊಂಡಳು.

ಪುರಭವನ ಮೂರು ಬೀದಿ ಆಚೆ. ಕೆಸರು ಹಿಮದಲ್ಲಿ ಕಾಲು ಹೂತು ಹೂತು ಅವಳು ಎರಡನೇ ಮಹಡಿ ತಲುಪಿದಾಗ ಮೂರೂ ಹದಿನೈದು. ಬಾಗಿಲ ಪಕ್ಕದ ಮೇಜಿನ ಮೇಲೆ ಹಾಳೆ. ಅದರಲ್ಲಿ ಮೂರು ಹೆಸರು. ಅವಳದು ನಾಲ್ಕನೆಯದು ಆಗಬೇಕಿತ್ತು. ಪೆನ್ನು ಹಿಡಿದವಳು, ಹೆಸರು ಬರೆದ ಕ್ರಮದಲ್ಲೇ ಕರೆಯುತ್ತಾರೆಂದು ಕೇಳಿ ಕೆಳಗಿಟ್ಟಳು. ಬೇರೆಯವರು ಬರಲಿ, ತನ್ನ ಅಗತ್ಯವೇ ಬೀಳದಿರಲಿ ಎಂದು ಗೋಡೆಗೆ ಒರಗಿ ನಿಂತಳು.

ಬಂದರು. ಒಬ್ಬೊಬ್ಬರೇ, ಬೂಟು ಕೊಡವುತ್ತ. ಎರಡು ವರ್ಷ ದನಿಯಾಗಿ ಮಾತ್ರ ಗೊತ್ತಿದ್ದವರಿಗೆ ಈಗ ಮುಖಗಳಿದ್ದವು. ಓರಿನ್ ಗಿಡ್ಡನೆಯ ಮನುಷ್ಯ, ಮೊಣಕಾಲು ನೋವು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ. ಏಳು, ಎಂಟು. ಮೂರೂ ಇಪ್ಪತ್ತಾರಕ್ಕೆ ಕೈಕೋಲು ಹಿಡಿದ ಒಬ್ಬ ಮುದುಕಿ. ಒಂಬತ್ತು.

ಆಮೇಲೆ ಯಾರೂ ಇಲ್ಲ. ಮೆಟ್ಟಿಲು ಖಾಲಿ. ಗುಮಾಸ್ತೆ ಹಾಳೆಗೆ ಕೈ ಹಾಕಿದಳು. ಮಾರ್ನಿ ಗೋಡೆ ಬಿಟ್ಟು ಬಂದು ಹತ್ತನೆಯದಾಗಿ ತನ್ನ ಹೆಸರು ಬರೆದಳು.

ಮೂರೂ ಮೂವತ್ತೇಳಕ್ಕೆ ವರ್ಲಿನ್ ಬಂದ, ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡು. ನಾಳೆಯ ಡೆನ್ಮಾರ್ಕಿನ ತಜ್ಞನ ಬಗ್ಗೆ ಪ್ರಚಾರದ ಮಾತು ಧ್ವನಿಮುದ್ರಿಸಲು ನಿಂತಿದ್ದನಂತೆ.

"ಹೆಸರು ಬರೆಸ್ಬೇಕಿತ್ತು" ಎಂದ.

"ಪಟ್ಟಿ ಮುಚ್ಚಿದೆ" ಎಂದಳು ಗುಮಾಸ್ತೆ.

"ನಾನು ವರ್ಲಿನ್ ಟೋಫ್ಟ್."

"ಗೊತ್ತು ಸ್ವಾಮಿ, ದಿನಾ ಕೇಳ್ತೀನಿ. ಕೂತ್ಕೊಳಿ. ಸದ್ದು ಮಾಡ್ಬೇಡಿ."

ಅವನು ಮಾರ್ನಿಯ ಪಕ್ಕ ಕೂತ. ಓರಿನ್ ಪೂರ್ತಿ ತಪ್ಪಿನ ಬಗ್ಗೆ ಮಾತಾಡುವಾಗ ಇವನ ತುಟಿ ಜೊತೆಗೇ ಆಡುತ್ತಿತ್ತು. ಟ್ರಾಮಿನವರು ಟ್ರಾಮಿನ ಬಗ್ಗೆ, ಇನ್ನೊಬ್ಬರು ತೈಲದ ಬಗ್ಗೆ ಹೇಳಿದರು. ಸಮಿತಿಯ ಐವರು ಚಾವಣಿ ನೋಡುತ್ತಿದ್ದರು. ಮಾರ್ನಿ ಕೈಗಳನ್ನು ತೊಡೆಗಳ ಕೆಳಗೆ ಇಟ್ಟುಕೊಂಡು ಎಣಿಸುತ್ತಿದ್ದಳು. ಎಂಟು. ಕೈಕೋಲಿನ ಮುದುಕಿ ಒಂಬತ್ತು.

"ಮಾರ್ನಿ ಪೆಲ್ಟೊ" ಎಂದರು ಅಧ್ಯಕ್ಷರು. "ಕೊನೇ ಹೆಸರು. ಇದಾರಾ? ಇಲ್ದಿದ್ರೆ ಒಂಬತ್ತಕ್ಕೇ ಮುಗಿಸ್ಬೋದು."

ಮಾರ್ನಿ ಕೂತೇ ಇದ್ದಳು. ವರ್ಲಿನ್ ಜೇಬಿನಿಂದ ಒಂದು ಚೀಟಿ ತೆಗೆದು, ಸರಸರನೆ ಏನೋ ಗೀಚಿ ಅವಳ ಕೈಗೆ ತುರುಕಿದ. 'ಸಾಲಪತ್ರದ ಬಡ್ಡಿ ಪ್ರಸ್ತಾಪಿಸು. ಮೂರು ಅಂಶ' ಎಂದಿತ್ತು. ಒಂದು, ಎರಡು, ಮೂರು ಎಂದು ಅಂಕಿಗಳೂ ಇದ್ದವು.

ಮಾರ್ನಿ ಚೀಟಿ ನೋಡಿದಳು. ಅವನ ಮುಖ ನೋಡಿದಳು. ಎಲ್ಲಿತ್ತೋ, ಮಧ್ಯಾಹ್ನದಿಂದ ಕಾದು ಕೂತಿದ್ದ ಸಿಟ್ಟು ಅವಳನ್ನು ಕಾಲ ಮೇಲೆ ನಿಲ್ಲಿಸಿತು. ಚೀಟಿಯನ್ನು ಅವನ ಮಡಿಲಲ್ಲೇ ಇಟ್ಟು ಮುಂದೆ ನಡೆದಳು.

"ನಾನು ಗುಡ್ಡದ ಮೇಲೆ, ಮೇಪಲ್ ಬೀದಿಯಲ್ಲಿರೋದು" ಎಂದಳು ಮೈಕಿಗೆ. ಸ್ವಲ್ಪ ಹಿಂದೆ ಸರಿದು ಮತ್ತೆ ಹೇಳಿದಳು. "ಕೆಲಸಕ್ಕೆ ಬರೋದು ಆರನೇ ನಂಬರ್ ಬಸ್ಸಲ್ಲಿ. ಬೇರೆ ದಾರಿ ಇಲ್ಲ. ಬಸ್ಸು ನಿಲ್ಲಿಸಿದ್ರೆ ನನ್ನ ಕೆಲಸ ಹೋಗುತ್ತೆ. ಬೆಳಿಗ್ಗೆ ಹತ್ತೂವರೆ ಬಸ್ಸಲ್ಲಿ ನನ್ನ ಜೊತೆ ಹದಿನಾಲ್ಕು ಜನ ಇರ್ತಾರೆ, ದಿನಾ ನೋಡ್ತೀನಿ. ಅವರಿಗೆ ಸಭೆ ಇವತ್ತು ಅಂತ ಯಾರೂ ಹೇಳಿಲ್ಲ."

ತಲಾ ಮೂರು ನಿಮಿಷದ ಲೆಕ್ಕ; ಅಧ್ಯಕ್ಷರು ಗಡಿಯಾರ ನೋಡಿದರು. "ನಿಮಗಿನ್ನೂ ಎರಡೂವರೆ ನಿಮಿಷ ಇದೆ."

"ಬೇಡ" ಎಂದಳು ಮಾರ್ನಿ. "ಹತ್ತಾಯ್ತಲ್ಲ, ಬರ್ಕೊಳಿ."

ಅಧ್ಯಕ್ಷರು ಗುಮಾಸ್ತೆಯ ಕಡೆ ನೋಡಿದರು. ಗುಮಾಸ್ತೆ ಬೆರಳಿಟ್ಟು ಎರಡು ಸಲ ಎಣಿಸಿ, ಹೌದೆಂದು ತಲೆಯಾಡಿಸಿದಳು. ಅಧ್ಯಕ್ಷರು ಪೆನ್ನು ತೆಗೆದುಕೊಂಡು ವಿಷಯವನ್ನು ದೊಡ್ಡ ಕೌನ್ಸಿಲಿಗೆ ಕಳಿಸಿದೆ ಎಂದು ಬರೆಯತೊಡಗಿದರು. ಹಿಂದೆ ವರ್ಲಿನ್ ಕೈ ಎತ್ತಿ, ಉಳಿದ ಎರಡೂವರೆ ನಿಮಿಷ ತನಗೆ ಕೊಡಬಹುದೇ ಎಂದು ಕೇಳುತ್ತಿದ್ದ.